ಮೂರನೇ ಕೊಳದ ಮೂಗುತಿ

ಜೊಂಡಕ್ಕನಿಗೆ ನೀರು ಸರಬರಾಜು ಕಚೇರಿಯಲ್ಲಿ ಕೆಲಸ ಸಿಕ್ಕಿದ್ದು ಒಂದೇ ಒಂದು ಮಾತಿನಿಂದ. ಸಂದರ್ಶನಕ್ಕೆ ಕೂತಿದ್ದ ಇಂಜಿನಿಯರು, "ಈಜು ಬರುತ್ತೇನಮ್ಮ?" ಎಂದು ಕೇಳಿದರು. ಅವಳಿಗೆ ಈಜು ಬರುತ್ತಿರಲಿಲ್ಲ. ಬರುತ್ತದೆ ಎಂದು ಬಿಡೋಣವೆಂದರೆ ಕಿಟಕಿಯಾಚೆಗೇ ಮೂರು ಕೊಳಗಳು ಕಾಣುತ್ತಿದ್ದವು. ಇಳಿದು ತೋರಿಸು ಎಂದುಬಿಟ್ಟರೆ ಗತಿಯೇನು?

"ಈಜು ಬರಲ್ಲ ಸಾರ್, ಮುಳುಗೋದು ಬರುತ್ತೆ," ಎಂದಳು.

ಇಂಜಿನಿಯರು ನಕ್ಕು ನಕ್ಕು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಅವಳಿಗಿಂತ ಮೊದಲು ಬಂದುಹೋದ ಹನ್ನೊಂದು ಗಂಡಸರೂ ಎದೆಯುಬ್ಬಿಸಿ ಈಜು ಬರುತ್ತದೆ ಎಂದಿದ್ದರು. ಕೊಳಗಳು ಎದೆಮಟ್ಟಕ್ಕಿಂತ ಆಳವಿಲ್ಲ, ಅಲ್ಲಿಗೆ ಬೇಕಾಗಿರುವುದು ಈಜುವವರಲ್ಲ, ಕೆಸರಿನಲ್ಲಿ ನಡೆಯುವವರು ಎಂಬುದು ಇಂಜಿನಿಯರಿಗಷ್ಟೇ ಗೊತ್ತಿತ್ತು. ಮುಂದಿನ ಸೋಮವಾರದಿಂದ ಅವಳು ಕೊಳ ಶುಚಿ ಮಾಡುವ ಕೆಲಸಕ್ಕೆ ಹಾಜರಾದಳು.

ಹಾಜರಿ ಪುಸ್ತಕದಲ್ಲಿ ಅವಳಿಗೆ ಬೇರೆ ಹೆಸರಿತ್ತು. ಆದರೆ ಎರಡನೇ ವಾರದಲ್ಲೇ ಅವಳು ಒಂದು ದೊಡ್ಡ ಹೊರೆ ಜೊಂಡುಹುಲ್ಲನ್ನು ಮುಖ ಮೈ ಏನೂ ಕಾಣದಂತೆ ಹೊತ್ತುಕೊಂಡು ಕಚೇರಿಯ ಬಾಗಿಲಿಗೆ ಬಂದು, "ಇದನ್ನ ಎಲ್ಲಿ ಹಾಕ್ಲಿ?" ಎಂದು ಕೇಳಿದಳು. ತಲೆಯೆತ್ತಿ ನೋಡಿದ ಗುಮಾಸ್ತ, "ಅಯ್ಯಯ್ಯೋ, ಜೊಂಡು ಮಾತಾಡ್ತಿದೆ!" ಎಂದು ಕುರ್ಚಿಯಿಂದ ಜಾರಿಬಿದ್ದ. ಅಂದಿನಿಂದ ಅವಳು ಎಲ್ಲರಿಗೂ ಜೊಂಡಕ್ಕ. ಹುಟ್ಟಿದ ಹೆಸರನ್ನು ಅವಳೇ ಒಮ್ಮೊಮ್ಮೆ ಮರೆಯುತ್ತಿದ್ದಳು.

ಪಂಪ್‌ಹೌಸಿನ ಹಿಂದೆ ಸಾಲಾಗಿದ್ದ ಮೂರು ಕೊಳಗಳಲ್ಲಿ ಮೊದಲೆರಡಕ್ಕೆ ನದಿಯ ನೀರು ಬಂದು, ಹೂಳು ಕೂತು, ತಿಳಿಯಾಗಿ ಊರಿನ ನಲ್ಲಿಗಳಿಗೆ ಹೋಗುತ್ತಿತ್ತು. ಅವು ಕಲ್ಲಿನಿಂದ ಕಟ್ಟಿದ ಕೊಳಗಳು. ಮೂರನೆಯದನ್ನು ಯಾರೂ ತೋಡಿದ್ದಲ್ಲ. ಊರಿಗಿಂತ ಮೊದಲೇ ಅಲ್ಲಿದ್ದ ತಗ್ಗು ಅದು, ಮರಳುನೆಲದ್ದು. ಆಪತ್ತಿಗಿರಲಿ ಎಂದು ಅದಕ್ಕೊಂದು ಏರಿ ಹಾಕಿ, ತೂಬು ಕೂರಿಸಿ, ಹಾಗೇ ಬಿಟ್ಟಿದ್ದರು. ಬೇಸಿಗೆ ಹುಟ್ಟುತ್ತಿದ್ದಂತೆ ಜೊಂಡಕ್ಕ ಆ ತೂಬಿನ ಕಬ್ಬಿಣದ ಚಕ್ರ ತಿರುಗಿಸಿ ನೀರನ್ನು ಮೊಣಕಾಲಿಗೆ ಇಳಿಸುವಳು. ಆಮೇಲೆ ಉದ್ದ ಹಿಡಿಯ ಹಲ್ಲುಕೋಲು ಹಿಡಿದು ಇಳಿದಳೆಂದರೆ ಒಂದೂವರೆ ತಿಂಗಳು ಜೊಂಡು, ಪಾಚಿ, ಅಂತರಗಂಗೆ ಒಂದನ್ನೂ ಬಿಡದೆ ಎಳೆದು ಹಾಕಿ, ಕೆಸರನ್ನೆಲ್ಲ ತುಳಿದು ಕಲಕಿ, ಮಳೆನೀರು ಬರುವ ಹೊತ್ತಿಗೆ ತೂಬು ಮುಚ್ಚುವಳು. ಇಲಾಖೆ ಕೊಟ್ಟ ಬೂಟು ಅವಳ ಕಾಲಿಗಿಂತ ನಾಲ್ಕು ಅಳತೆ ದೊಡ್ಡದು. ಒಳಗೆ ಚಿಂದಿ ತುರುಕಿಕೊಂಡು ಹಾಕಿಕೊಳ್ಳುತ್ತಿದ್ದಳು. ಆ ಚಿಂದಿಗೆ ಮಾತ್ರ ಎಂದೂ ಬರವಿರಲಿಲ್ಲ, ಯಾಕೆಂದರೆ ಗಂಡ ದರ್ಜಿ.

ಈ ದರ್ಜಿ ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಯಂತ್ರ ಹಾಕಿಕೊಂಡಿದ್ದ ಸಾಧು ಮನುಷ್ಯ. ತನ್ನ ಹಳೇ ಪ್ಯಾಂಟುಗಳನ್ನು ಕತ್ತರಿಸಿ, ಎಂಟೆಂಟು ಜೇಬು ಇಟ್ಟು, ಹೆಂಡತಿಗೆ ಕೊಳದ ಉಡುಪು ಹೊಲಿದುಕೊಟ್ಟವನು ಅವನೇ. ಅವನಿಗಿದ್ದದ್ದು ಒಂದೇ ಕೊರತೆ, ನೀರೆಂದರೆ ಭಯ. ಸ್ನಾನಕ್ಕೂ ಎಣಿಸಿ ಐದೇ ಚೊಂಬು. ಅವನ ತಾಯಿಯೋ ಸಮುದ್ರದ ದಂಡೆಯ ಊರಿನವಳು. ಮದುವೆಯಾಗಿ ನಾನೂರು ಕಿಲೋಮೀಟರ್ ಒಳನಾಡಿನ ಈ ಊರಿಗೆ ಬಂದು ಐವತ್ತು ವರ್ಷವಾಗಿದ್ದರೂ ಇಲ್ಲಿಯ ಗಾಳಿಗೆ ಉಪ್ಪು ಸಾಲದು ಎಂದು ದಿನಕ್ಕೊಮ್ಮೆಯಾದರೂ ಗೊಣಗದೆ ಇರುತ್ತಿರಲಿಲ್ಲ. ಮಗನ ಐದು ಚೊಂಬಿನ ಸ್ನಾನ ನೋಡಿದಾಗಲೆಲ್ಲ, "ಮೀನಿನ ಹೊಟ್ಟೇಲಿ ಬೆಕ್ಕು ಹುಟ್ಟಿತು. ಏನು ಮಾಡೋದು, ಸಾಕಿದ್ದಾಯ್ತು," ಎನ್ನುವಳು.

ಜೊಂಡಕ್ಕ ಹೀಗೆ ಹದಿನೆಂಟು ಬೇಸಿಗೆ ಕಳೆದಳು. ಹತ್ತೊಂಬತ್ತನೆಯ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಪಂಪ್‌ಹೌಸಿನ ಗೇಟಿನ ಮುಂದೆ ಒಂದು ಕಾರಿನ ಟೈರು ಪಂಕ್ಚರ್ ಆಯಿತು. ಕಾರಿನಿಂದ ಇಳಿದ ಹೆಂಗಸು ತಾನೇ ಟೈರು ಬದಲಾಯಿಸಿ, ಮೊಣಕೈವರೆಗೂ ಕಪ್ಪಾಗಿ, ಕೈ ತೊಳೆಯಲು ನೀರು ಕೇಳಿಕೊಂಡು ಒಳಗೆ ಬಂದಳು. ದೂರದ ದೊಡ್ಡ ಊರಿನ ವಿಶ್ವವಿದ್ಯಾಲಯದಲ್ಲಿ ಒಣಗಿಸಿದ ಗಿಡಗಳನ್ನು ಕಾಗದಕ್ಕೆ ಅಂಟಿಸಿ, ಬೀರುಗಳಲ್ಲಿಟ್ಟು ಕಾಯುವುದು ಅವಳ ಕೆಲಸ ಎಂಬುದು ಜೊಂಡಕ್ಕನಿಗೆ ಆಮೇಲೆ ತಿಳಿಯಿತು. ಆಗ ತಿಳಿದದ್ದಿಷ್ಟೆ. ಕೈ ತೊಳೆದು, ಒರೆಸಿಕೊಳ್ಳುತ್ತ, ಕಿತ್ತು ಹಾಕಿದ ಕಳೆಯ ಗುಡ್ಡೆಯ ಪಕ್ಕದಲ್ಲಿ ಹಾದುಹೋಗುತ್ತಿದ್ದವಳು ಇದ್ದಕ್ಕಿದ್ದಂತೆ ಕಿಟಾರನೆ ಕಿರುಚಿದಳು.

ಜೊಂಡಕ್ಕ ಹಲ್ಲುಕೋಲು ಎತ್ತಿಕೊಂಡು ಓಡಿಬಂದಳು. "ಹಾವಾ ಮೇಡಂ? ಸರೀರಿ, ಸರೀರಿ, ನಾನು ನೋಡ್ಕೋತೀನಿ!"

"ಹಾವಲ್ಲ ರೀ! ಗಿಡ! ಈ ಗಿಡ ಎಲ್ಲಿಂದ ಬಂತು?"

ಮೇಡಂ ಕೈಯಲ್ಲಿದ್ದದ್ದು ಬೆರಳುದ್ದದ ಒಂದು ಪುಟ್ಟ ಗಿಡ. ಒಂದು ಹಿಡಿ ಹಸಿರು ಸೂಜಿಗಳನ್ನು ಒಟ್ಟಿಗೆ ಕಟ್ಟಿದಂತಿತ್ತು. ನಡುವೆ ಒಂದೇ ಒಂದು ಬಿಳಿ ಹೂವು, ಅದರಲ್ಲಿ ಹಳದಿಯ ಚುಕ್ಕೆ.

"ಓ, ಅದಾ! ಮೂಗುತಿ ಗಿಡ. ನಾನೇ ಇಟ್ಟ ಹೆಸರು. ಬೇಕಾ ಮೇಡಂ? ಒಂದು ಬುಟ್ಟಿ ಕೊಡ್ತೀನಿ, ತಗೊಂಡ್ಹೋಗಿ."

"ಒಂದು ಬುಟ್ಟಿ," ಎಂದು ಮೇಡಂ ತನ್ನಷ್ಟಕ್ಕೆ ಹೇಳಿಕೊಂಡು ಕಳೆಯ ಗುಡ್ಡೆಯ ಮೇಲೆ ಕೂತುಬಿಟ್ಟಳು. ಬಟ್ಟೆಯೆಲ್ಲ ಕೆಸರಾಯಿತು, ಅದರ ಪರಿವೆಯೇ ಇರಲಿಲ್ಲ ಆಕೆಗೆ. ಉಸಿರು ತಹಬಂದಿಗೆ ಬಂದ ಮೇಲೆ ಬಿಡಿಸಿ ಹೇಳಿದಳು. ಈ ಗಿಡ ಸಮುದ್ರದ ದಂಡೆಯ ಹಿಂದಿರುವ ಹೊಂಡಗಳಲ್ಲಿ ಬಿಟ್ಟರೆ ಇನ್ನೆಲ್ಲೂ ಬೆಳೆಯುವುದಿಲ್ಲ. ಅಲ್ಲಿಂದ ಇಲ್ಲಿಯವರೆಗೆ ನಡುವೆ ಒಂದೇ ಒಂದು ಗಿಡವನ್ನೂ ಯಾರೂ ಕಂಡಿಲ್ಲ.

"ಮತ್ತೆ ಇಲ್ಲಿಗೆ ಹೇಗೆ ಬಂತು ಮೇಡಂ? ಬಸ್ಸಲ್ಲಿ ಬಂತಾ?"

"ಯಾರಿಗೆ ಗೊತ್ತು? ಯಾವುದೋ ನೀರುಹಕ್ಕಿ ಕಾಲಿನ ಕೆಸರಲ್ಲಿ ಒಂದು ಬೀಜ ಅಂಟಿಕೊಂಡು ಬಂದಿರಬಹುದು. ನೂರು ವರ್ಷದ ಹಿಂದೋ, ಸಾವಿರ ವರ್ಷದ ಹಿಂದೋ. ಅದಿರಲಿ, ಇಷ್ಟು ವರ್ಷ ನೀವು ಇದನ್ನ ಏನು ಮಾಡ್ತಿದ್ರಿ?"

ಜೊಂಡಕ್ಕನಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. "ಕಿತ್ತು ಹಾಕ್ತಿದ್ದೆ," ಎಂದಳು. "ಜೊಂಡಿನ ಜೊತೆ ಬರುತ್ತಲ್ಲ. ವರ್ಷಕ್ಕೆ ಒಂದು ನಾಲ್ಕೈದು ಬುಟ್ಟಿ."

ಮೇಡಂ ಕಣ್ಣು ಮುಚ್ಚಿಕೊಂಡಳು.

ಆ ಸಂಜೆ ಮನೆಯಲ್ಲಿ ಇದೇ ಮಾತು. ದರ್ಜಿ ಯಂತ್ರ ತುಳಿಯುವುದನ್ನು ನಿಲ್ಲಿಸಿ, "ಅಲ್ಲ ಕಣೇ, ಅಪರೂಪದ ಗಿಡ ಕಿತ್ತಿದ್ದಕ್ಕೆ ಹಿಡ್ಕೊಂಡು ಹೋಗಲ್ಲ ತಾನೇ?" ಎಂದು ನಾಲ್ಕು ಸಲ ಕೇಳಿದ.

ಅತ್ತೆಗೆ ಬೇರೆಯದೇ ಸಂಕಟ. "ನಾನೂ ಸಮುದ್ರದ ಕಡೆಯಿಂದ ನಾನೂರು ಕಿಲೋಮೀಟರ್ ದೂರ ಬಂದು ಬಿದ್ದವಳೇ. ನನ್ನ ನೋಡಿ ಯಾರೂ ಹಾಗೆ ಕಿರುಚಲಿಲ್ಲ."

"ನಾನು ಕಿರುಚಿದ್ದೆ ಅತ್ತೆ, ಮದುವೆಯಾಗಿ ಬಂದ ಮಾರನೇ ದಿನ. ನಿಮಗೆ ಕೇಳಿಸಲಿಲ್ಲ ಅಷ್ಟೆ," ಎಂದಳು ಜೊಂಡಕ್ಕ. ಅತ್ತೆ ಎಲೆಯಡಿಕೆಯ ಚೀಲ ಎಸೆದಳು, ಗುರಿ ತಪ್ಪಿ ಮಗನಿಗೆ ಬಿತ್ತು.

ಕೊಳದ ವ್ಯವಹಾರವೆಲ್ಲ ಆ ಹೊತ್ತಿಗೆ ಹೊಸ ಮೇಲ್ವಿಚಾರಕರ ಕೈಗೆ ಬಂದಿತ್ತು. ಅವರನ್ನು ಬೆನ್ನ ಹಿಂದೆ ಎಲ್ಲರೂ ಸುತ್ತೋಲೆ ಸಾಹೇಬ್ರು ಎನ್ನುತ್ತಿದ್ದರು. ಲೋಟ ತೊಳೆದಿಡುವುದಕ್ಕೂ ಸುತ್ತೋಲೆ, ಫ್ಯಾನು ಆರಿಸುವುದಕ್ಕೂ ಸುತ್ತೋಲೆ. ಇಂಥವರ ಕೈಗೆ ಒಂದು ಅಪರೂಪದ ಗಿಡ ಸಿಕ್ಕರೆ ಕೇಳಬೇಕೆ? ಮೇಡಂ ಕೊಳಕ್ಕಿಳಿದು ಒಂದೊಂದೇ ಎಣಿಸಿ ಇನ್ನೂರ ಹದಿಮೂರು ಗಿಡಗಳಿವೆ ಎಂದು ಬರೆದುಕೊಂಡು, ಇವನ್ನು ಹೇಗಾದರೂ ಕಾಪಾಡಬೇಕು ಎಂದು ಮನವಿ ಕೊಟ್ಟು ಹೋದಳು. ವಾರದೊಳಗೆ ಸುತ್ತೋಲೆ ಹೊರಟಿತು. ಮೂರನೇ ಕೊಳವು ಸದಾ ತುಂಬಿರತಕ್ಕದ್ದು. ಅದಕ್ಕೆ ಯಾರೂ ಇಳಿಯತಕ್ಕದ್ದಲ್ಲ. ಅದರಿಂದ ಏನನ್ನೂ ಕೀಳತಕ್ಕದ್ದಲ್ಲ. ಸುತ್ತ ತಂತಿಬೇಲಿ ಬಂತು, ಬೇಲಿಗೊಂದು ಹಸಿರು ಬೋರ್ಡು ಬಂತು. ಬೋರ್ಡಿನ ಕೆಳಗೆ ಒಂದು ಕಬ್ಬಿಣದ ಕುರ್ಚಿ, ಕುರ್ಚಿಯ ಮೇಲೆ ಜೊಂಡಕ್ಕ.

"ಇನ್ನು ಮೇಲೆ ನೀನು ಕೀಳೋಳಲ್ಲಮ್ಮ, ಕಾಯೋಳು," ಎಂದರು ಸಾಹೇಬ್ರು. "ಸುಮ್ನೆ ಕೂತಿರೋದು, ಅಷ್ಟೇ ಕೆಲಸ."

ಕೂತು ತಿನ್ನುವ ಭಾಗ್ಯ ಎಂದು ಊರೆಲ್ಲ ಹೊಟ್ಟೆ ಉರಿದುಕೊಂಡಿತು. ಆದರೆ ಜೊಂಡಕ್ಕನಿಗೆ ಕೂತಲ್ಲಿ ಕೂರಲಾಗದು. ಮೊದಲ ತಿಂಗಳು ಕುರ್ಚಿಯ ಸುತ್ತಲಿನ ಹುಲ್ಲನ್ನೆಲ್ಲ ಕಿತ್ತಳು. ಎರಡನೇ ತಿಂಗಳು ಕಚೇರಿಯ ಹೂಕುಂಡಗಳಲ್ಲಿ ಕಳೆ ತೆಗೆಯುತ್ತ ಸಾಹೇಬ್ರು ಆಸೆಯಿಂದ ನೆಟ್ಟಿದ್ದ ಎರಡು ಸಸಿಗಳನ್ನೂ ತೆಗೆದಳು. ಮನೆಯಲ್ಲಿ ಗಂಡನ ದಾರದ ಪೆಟ್ಟಿಗೆಗೆ ಕೈ ಹಾಕಿ ಗಂಟುಗಳನ್ನೆಲ್ಲ ಬಿಡಿಸಿಟ್ಟಳು. ಕೆಂಪುದಾರದ ಪಕ್ಕ ಕೆಂಪುದಾರ, ನೀಲಿಯ ಪಕ್ಕ ನೀಲಿ. ಅದಾದ ಮೇಲೆ ಒಂದು ವಾರ ದರ್ಜಿಗೆ ಬೇಕಾದ್ದು ಒಂದೂ ಕೈಗೆ ಸಿಗಲಿಲ್ಲ.

"ನಿನ್ನ ಕೈಗೆ ಏನಾದ್ರೂ ಕೊಡ್ಬೇಕು ಕಣೇ, ಇಲ್ದಿದ್ರೆ ನನ್ನ ಮೀಸೇನೂ ಕಿತ್ತುಬಿಡ್ತೀಯ," ಎಂದ.

ಕೊಳ ಮಾತ್ರ ತುಂಬಿ ತುಳುಕುತ್ತಿತ್ತು. ಮರುವರ್ಷ ಬೇಸಿಗೆಗೆ ಮೇಡಂ ಬಂದು, ರಬ್ಬರು ದೋಣಿಯಲ್ಲಿ ಕೂತು, ನೀರಿನೊಳಗೆ ಇಣುಕಿ ಇಣುಕಿ ಎಣಿಸಿದಳು. ನಲವತ್ತೊಂದು. ಏನೋ ಒಂದು ವರ್ಷ ಹಾಗಾಗಿರಬಹುದು ಎಂದುಕೊಂಡರು. ಅದರ ಮರುವರ್ಷ ಜೊಂಡು ಆಳೆತ್ತರ ನಿಂತು, ಪಾಚಿ ಚಾಪೆ ಹಾಸಿದಂತೆ ಹಾಸಿ, ದೋಣಿ ಅಲ್ಲಾಡಲೂ ಜಾಗವಿರಲಿಲ್ಲ. ಒಂದು ಗಿಡವೂ ಕಾಣಲಿಲ್ಲ.

ಗಿಡವಿಲ್ಲದಿದ್ದರೇನು, ಗಿಡದ ಕೀರ್ತಿ ಅಷ್ಟರಲ್ಲಿ ಊರೂರು ತಿರುಗುತ್ತಿತ್ತು. ಮೂರನೆಯ ಬೇಸಿಗೆ ಇನ್ನೂ ಹತ್ತಿರವಾಗುತ್ತಿದ್ದಾಗ ಪಕ್ಕದ ನಗರಸಭೆಯಿಂದ ಏಳು ಜನ ಸದಸ್ಯರು ಕ್ಯಾಮೆರಾ ತಗುಲಿಸಿಕೊಂಡು ನೋಡಲು ಬಂದರು. ಸಾಹೇಬ್ರು ಜೊಂಡಕ್ಕನನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದರು.

"ಏನಾದ್ರೂ ಒಂದು ತೋರಿಸಮ್ಮ. ಅವರೇನು ಗಿಡದ ಹೊಟ್ಟೇಲಿ ಹುಟ್ಟಿದವರಾ?"

"ಇಲ್ಲದ್ದನ್ನ ಎಲ್ಲಿಂದ ತೋರಿಸ್ಲಿ ಸಾರ್?"

"ಹಸಿರಾಗಿದ್ರೆ ಸಾಕು!"

ಏಳು ಜನ ಬೇಲಿಗೆ ಮೂಗು ಒತ್ತಿ ನಿಂತಿದ್ದರು. ಜೊಂಡಕ್ಕ ಅತ್ತಿತ್ತ ನೋಡಿ, ದಿಕ್ಕು ತೋಚದೆ, ಏರಿಯ ಅಂಚಿನಲ್ಲಿ ಮೇಕೆಗಳೂ ಮೇಯದೆ ಬಿಟ್ಟಿದ್ದ ಒಂದು ಗರಿಕೆಯ ತೆಂಡೆಗೆ ಬೆರಳು ತೋರಿದಳು. "ಅಗೋ, ಅಲ್ಲಿದೆ."

ಕ್ಯಾಮೆರಾಗಳು ಟಕಟಕ ಎಂದವು. ಒಬ್ಬ ಹಿರಿಯರು ಕರ್ಚೀಫು ತೆಗೆದು ಕಣ್ಣಿಗೊತ್ತಿಕೊಂಡು, "ಎಂಥ ಸೊಬಗು! ಜನ್ಮ ಸಾರ್ಥಕವಾಯ್ತು," ಎಂದರು. "ಕೈ ಮುಗಿಯಬೇಕಮ್ಮ ನಿಮಗೆ," ಎಂದು ನಿಜವಾಗಿಯೂ ಕೈ ಮುಗಿದರು.

ಜೊಂಡಕ್ಕನಿಗೆ ಭೂಮಿ ಬಾಯ್ಬಿಡಬಾರದೇ ಎನಿಸಿತು. ಅವರ ವ್ಯಾನು ತಿರುವು ದಾಟುವ ಮೊದಲೇ ಅವಳು ಗುಮಾಸ್ತನ ಮೇಜಿನ ಮೇಲಿನ ಫೋನೆತ್ತಿಕೊಂಡು ಮೇಡಂಗೆ ಫೋನ್ ಮಾಡಿದಳು. "ಮೇಡಂ, ಈ ವರ್ಷವೂ ಗಿಡ ಇಲ್ಲ. ಇವತ್ತು ನಾನು ಗರಿಕೆ ತೋರಿಸಿ ಒಬ್ಬ ಯಜಮಾನರ ಕೈಲಿ ಕೈ ಮುಗಿಸಿಕೊಂಡೆ. ನೀವು ಬನ್ನಿ. ಇಲ್ಲದಿದ್ರೆ ನಾನು ಈ ಕುರ್ಚಿ ಬಿಟ್ಟು ಮನೇಲಿ ಗುಂಡಿ ಹೊಲೀತೀನಿ."

ಮೇಡಂ ಮೂರನೇ ದಿನ ಬಂದಳು. ಕೊಳ ನೋಡಿದಳು. ಜೊಂಡಕ್ಕ ಅವಳನ್ನು ಮನೆಗೆ ಕರೆದುಕೊಂಡು ಹೋಗಿ, ಹೊಲಿಗೆ ಯಂತ್ರದ ಪಕ್ಕದ ಬೆಂಚಿನ ಮೇಲೆ ಕೂರಿಸಿ ಟೀ ಕೊಟ್ಟಳು. "ಕಾಪಾಡ್ತೀನಿ ಅಂತ ಹೊರಟು ನಾನೇ ಸಾಯಿಸಿಬಿಟ್ಟೆ ಅನ್ಸುತ್ತೆ," ಎನ್ನುತ್ತ ಮೇಡಂ ಚೀಲದಿಂದ ಒಂದು ದಪ್ಪ ಕಾಗದ ತೆಗೆದಳು. ಮೊದಲ ವರ್ಷ ಗುಡ್ಡೆಯಿಂದ ಎತ್ತಿಕೊಂಡು ಹೋಗಿದ್ದ ಮೂಗುತಿ ಗಿಡ, ಒಣಗಿ ಚಪ್ಪಟೆಯಾಗಿ, ಅದಕ್ಕೆ ಅಂಟಿಕೊಂಡಿತ್ತು. "ಈ ಕೊಳದ್ದು ಅಂತ ಇನ್ನು ಇದೊಂದೇ ಉಳಿದದ್ದು."

ಅತ್ತೆ ಮಂಡಿನೋವಿನಿಂದ ಕೊಳದ ಕಡೆ ಹೋದವಳೇ ಅಲ್ಲ. ಇಷ್ಟು ದಿನ ಬರೀ ಹೆಸರು ಕೇಳಿದ್ದಳು. ಕಾಗದವನ್ನು ಕಿತ್ತುಕೊಂಡು ಕಣ್ಣಿನ ಹತ್ತಿರ ಹಿಡಿದು ನೋಡಿದಳು. ಆಮೇಲೆ ಬೊಚ್ಚುಬಾಯಿ ತೆರೆದು ಗಹಗಹಿಸಿ ನಗತೊಡಗಿದಳು.

"ಇದಾ? ಇದಕ್ಕಾ ಬೇಲಿ ಹಾಕಿದ್ದು? ಇದು ಎಮ್ಮೆಗುಂಡಿ ಹುಲ್ಲು ಕಣ್ರೇ!"

"ಏನಂದ್ರಿ ಅಜ್ಜಿ?" ಎಂದಳು ಮೇಡಂ.

"ನಮ್ಮೂರಲ್ಲಿ ಸಮುದ್ರದ ಹಿಂದೆ ಹೊಂಡಗಳಿದ್ವು. ಬೇಸಿಗೇಲಿ ನೀರು ಇಳಿದ ಮೇಲೆ ಎಮ್ಮೆಗಳು ಹೋಗಿ ಬಿದ್ದು ಹೊರಳಾಡ್ತಿದ್ವು. ಅವು ಎದ್ದು ಹೋದ ಜಾಗದಲ್ಲಿ ಹದಿನೈದು ದಿನಕ್ಕೆ ಇದೇ ಹುಲ್ಲು, ಎಲ್ಲಿ ನೋಡಿದ್ರೂ ಇದೇ. ನಾವೆಲ್ಲ ಇದರ ಮೇಲೆ ಕುಣೀತಿದ್ವಿ. ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಹಾಗೆ. ಯಾರು ಕೇಳ್ತಿದ್ರು ಇದನ್ನ?"

"ಎಮ್ಮೆ ಬೀಳದ ಹೊಂಡದಲ್ಲಿ?" ಮೇಡಂ ದನಿ ಸಣ್ಣಗಾಗಿತ್ತು.

"ಅಲ್ಲಿ ಬರೀ ಜೊಂಡು."

ಮೇಡಂ ಟೀಯಲ್ಲಿ ಅದ್ದಿದ್ದ ಬಿಸ್ಕತ್ತು ಕರಗಿ ತಳ ಸೇರಿತು. ಜೊಂಡಕ್ಕ ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟಳು. ಬೇಸಿಗೆ ಬೇಸಿಗೆಗೆ ನೀರು ಇಳಿಸಿದ್ದು, ಜೊಂಡು ಕಿತ್ತದ್ದು, ದೊಡ್ಡ ಬೂಟು ಹಾಕಿಕೊಂಡು ಕೊಳವನ್ನೆಲ್ಲ ತುಳಿದು ಕಲಕಿದ್ದು ಎಲ್ಲ ಒಂದರ ಹಿಂದೆ ಒಂದು ಕಣ್ಣಮುಂದೆ ಬಂತು.

"ಹಾಗಾದ್ರೆ," ಎಂದಳು ನಿಧಾನವಾಗಿ, "ಹದಿನೆಂಟು ವರ್ಷ ಆ ಕೊಳದ ಎಮ್ಮೆ ನಾನೇ!"

ಮೊದಲು ನಕ್ಕವನು ದರ್ಜಿ. ಆಮೇಲೆ ಯಾರು ನಿಲ್ಲಿಸಿದರೂ ನಿಲ್ಲಲಿಲ್ಲ. ಮೇಡಂ ನಗುತ್ತಲೇ ಕಣ್ಣೀರು ಒರೆಸಿಕೊಂಡು, ಬೀಜ ಇನ್ನೂ ಕೆಸರಿನಲ್ಲಿ ಮಲಗಿರಬಹುದು, ಇಂಥ ಗಿಡದ ಬೀಜ ವರ್ಷಗಟ್ಟಲೆ ಕಾಯುತ್ತದೆ, ಅದಕ್ಕೆ ಬೆಳಕು ಬೀಳಬೇಕು, ನೀರು ಇಳಿಯಬೇಕು, ಮಣ್ಣು ಅಲುಗಬೇಕು ಎಂದು ಬಡಬಡಿಸಿದಳು. ಅಲ್ಲೇ ಕೂತು ಸಾಹೇಬ್ರಿಗೆ ಅರ್ಜಿಯನ್ನೂ ಬರೆದಳು, ಸುತ್ತೋಲೆಯನ್ನು ಹಿಂತೆಗೆದುಕೊಳ್ಳಿ, ತಪ್ಪು ನನ್ನದು ಎಂದು.

ಸಾಹೇಬ್ರು ಅರ್ಜಿಯನ್ನು ಎರಡು ಸಲ ಓದಿದರು. "ಕಾಪಾಡಿ ಅಂದೋರೂ ನೀವೇ, ಕೆಡಿಸಿ ಅನ್ನೋರೂ ನೀವೇ. ಮುಂದಿನ ಸಭೇಲಿ ಇಡ್ತೀನಿ," ಎಂದರು. ಮುಂದಿನ ಸಭೆ ಇದ್ದದ್ದು ಮಳೆಗಾಲ ಕಳೆದ ಮೇಲೆ. ಈ ಬೇಸಿಗೆ ಕೈತಪ್ಪಿದರೆ ಜೊಂಡಿನ ಬೇರು ಹೆಣೆದುಕೊಂಡು ಕೊಳವೇ ಮುಚ್ಚಿಹೋಗುತ್ತದೆ ಎಂಬುದು ಜೊಂಡಕ್ಕನಿಗೆ ಗೊತ್ತಿತ್ತು. ಮೇಡಂ ಸಪ್ಪೆಮೋರೆ ಹಾಕಿಕೊಂಡು ತಂಗಿದ್ದ ವಸತಿಗೃಹಕ್ಕೆ ಹೋದಳು. ಜೊಂಡಕ್ಕ ಕುರ್ಚಿಗೆ ಮರಳಿದಳು.

ಮಾರನೆಯ ಬೆಳಗ್ಗೆ ಹನ್ನೊಂದು ಗಂಟೆಗೆ, ಹಾಡುಹಗಲಲ್ಲೇ, ಅವಳು ಬೇಲಿಯ ಬಾಗಿಲು ತೆಗೆದು ಒಳಗೆ ಹೋಗಿ ತೂಬಿನ ಚಕ್ರವನ್ನು ಮೂರು ಸುತ್ತು ತಿರುಗಿಸಿದಳು. ನೀರು ಬುಳುಬುಳು ಎಂದು ಕಾಲುವೆಗೆ ಹೊರಟಿತು. ನೇರ ಕಚೇರಿಗೆ ಹೋಗಿ, "ಸಾರ್, ಮೂರನೇ ಕೊಳದ ನೀರು ಹೋಗ್ತಿದೆ," ಎಂದಳು.

ಸಾಹೇಬ್ರು ಎದ್ದು ಬಿದ್ದು ಓಡಿಬಂದರು. "ಯಾರಮ್ಮ ತೆಗೆದದ್ದು?"

"ನಾನೇ ಸಾರ್. ಮೂರು ವರ್ಷ ಆಯ್ತಲ್ಲ, ತುಕ್ಕು ಹಿಡಿದಿದೆಯಾ ನೋಡೋಣ ಅಂತ. ಶಿಕ್ಷೆ ಏನಿದ್ರೂ ಕೊಡಿ."

"ಶಿಕ್ಷೆ ಆಮೇಲೆ! ಮೊದಲು ಮುಚ್ಚೋಣ, ಸರಿ ಆ ಕಡೆ!" ಎಂದು ಸಾಹೇಬ್ರು ತೋಳು ಮಡಚಿ ಚಕ್ರ ಹಿಡಿದರು. ಹಳೇ ಕಾಲದ ಆ ತೂಬು ಬೇರೆಲ್ಲ ನಲ್ಲಿಗಳಿಗೂ ತದ್ವಿರುದ್ಧವಾಗಿ ತಿರುಗುವಂಥದ್ದು.

"ಸಾರ್, ಆ ಕಡೆ ಅಲ್ಲ..."

"ನನಗೆ ಹೇಳಿಕೊಡ್ಬೇಡ!"

"ಅಲ್ಲ ಸಾರ್, ಅದು..."

"ಸುಮ್ನಿರಮ್ಮ! ಇಪ್ಪತ್ತೆರಡು ವರ್ಷದ ಅನುಭವ ನನ್ನದು!"

ಹಿರಿಯರು ಸುಮ್ಮನಿರು ಎಂದಮೇಲೆ ಜೊಂಡಕ್ಕ ಸುಮ್ಮನಿದ್ದಳು. ಸಾಹೇಬ್ರು ಹಲ್ಲು ಕಚ್ಚಿ ಹದಿನಾಲ್ಕು ಸುತ್ತು ತಿರುಗಿಸಿದರು. ತೂಬಿನ ಸರಳು ಮೇಲೇರಿತು, ಮೇಲೇರಿತು, ಕೊನೆಗೆ ಕಟಕ್ಕೆಂದು ಮುರಿಯಿತು. ಚಕ್ರ ಅವರ ಕೈಗೇ ಬಂತು. ತೂಬು ಪೂರ್ತಿ ಬಾಯಿ ತೆರೆದುಕೊಂಡು, ನೀರು ಈಗ ಬುಳುಬುಳು ಎನ್ನದೆ ಭೋರ್ಗರೆಯತೊಡಗಿತು. ಕಬ್ಬಿಣದ ಚಕ್ರವನ್ನು ಎದೆಗವಚಿಕೊಂಡು ಸಾಹೇಬ್ರು ಸ್ವಲ್ಪ ಹೊತ್ತು ಹಾಗೇ ನಿಂತಿದ್ದರು. ಮಳೆಯಲ್ಲಿ ನೆನೆದ ಕೋಳಿಯಂತಿತ್ತು ಮುಖ. ಜೊಂಡಕ್ಕನಿಗೆ ಅಯ್ಯೋ ಪಾಪ ಎನಿಸಿತು.

"ಹಳೇ ಸರಳು ಸಾರ್. ಯಾರು ಮುಟ್ಟಿದ್ರೂ ಮುರೀತಿತ್ತು," ಎಂದಳು.

"ಹೌದಲ್ವಾ?" ಎಂದರು ಸಾಹೇಬ್ರು, ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕಂತೆ. "ನೀನೂ ಮುಟ್ಟಿಲ್ಲ, ನಾನೂ ಮುಟ್ಟಿಲ್ಲ. ಹಳೇದು. ತಾನಾಗೇ ಹೋಯ್ತು."

ಹೀಗೆ ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ, ಮುರಿದದ್ದು ಸರಳು ಮಾತ್ರ. ಹೊಸ ಸರಳನ್ನು ಎರಕದವರ ಹತ್ತಿರ ಮಾಡಿಸಲು ಎರಡು ತಿಂಗಳು ಬೇಕಿತ್ತು. ಅಷ್ಟರೊಳಗೆ ತೂಬಿನ ಸುತ್ತಮುತ್ತಲ ಜೊಂಡನ್ನು ತೆಗೆಯತಕ್ಕದ್ದು ಎಂದು ಸಾಹೇಬ್ರು ಹೊಸ ಸುತ್ತೋಲೆ ಹೊರಡಿಸಿದರು. ಸುತ್ತಮುತ್ತ ಎಂದರೆ ಎಷ್ಟು ದೂರ ಎಂದು ಅದರಲ್ಲಿ ಬರೆದಿರಲಿಲ್ಲ. ಜೊಂಡಕ್ಕ ಇಡೀ ಕೊಳ ಎಂದು ಓದಿಕೊಂಡಳು.

ಮೂರು ವರ್ಷದ ಜೊಂಡು ಒಬ್ಬಳ ಕೈಗೆ ಬಗ್ಗುವಂಥದ್ದಾಗಿರಲಿಲ್ಲ. ಮೇಡಂ ರಜೆ ಹಾಕಿ ಪ್ಯಾಂಟು ಮಡಚಿ ಇಳಿದಳು, ಇಳಿದ ಹತ್ತೇ ನಿಮಿಷಕ್ಕೆ ಕೆಸರಲ್ಲಿ ಕೂತಳು. ಎದ್ದಳು, ಮತ್ತೆ ಕೂತಳು. ನಾಲ್ಕನೇ ದಿನ ಊಟದ ಡಬ್ಬಿ ತಂದ ದರ್ಜಿ ಏರಿಯ ಮೇಲೆ ನಿಂತು, ಹೆಂಡತಿ ಆಳೆತ್ತರದ ಜೊಂಡಿನ ಬೇರುಗಡ್ಡೆಯೊಂದನ್ನು ಎಳೆಯಲಾರದೆ ಏದುಸಿರು ಬಿಡುವುದನ್ನು ನೋಡಿದ. ತುಂಬ ಹೊತ್ತು ನೋಡಿದ. ಚಪ್ಪಲಿ ಬಿಚ್ಚಿದ, ಮತ್ತೆ ಹಾಕಿಕೊಂಡ.

"ಅದು ನೀರಾ?" ಎಂದು ಕೂಗಿದ.

"ನೀರೆಲ್ಲ ಹೋಯ್ತು ಕಣ್ರೀ, ಇದು ಬರೀ ಕೆಸರು!"

"ಕೆಸರಾದ್ರೆ ಪರವಾಗಿಲ್ಲ," ಎನ್ನುತ್ತ ದರ್ಜಿ ಕಣ್ಣು ಮುಚ್ಚಿ ಒಂದು ಕಾಲಿಟ್ಟ. ಮೊಣಕಾಲವರೆಗೂ ಹೂತುಹೋಗಿ, "ತಣ್ಣಗಿದೆ!" ಎಂದು ಆಶ್ಚರ್ಯಪಟ್ಟ. ಅಂದಿನಿಂದ ಮಧ್ಯಾಹ್ನದ ಮೇಲೆ ಅಂಗಡಿಗೆ ಬಾಗಿಲು ಹಾಕಿ ಅವನೂ ಬರತೊಡಗಿದ. ಮನೆಯಲ್ಲಿ ಒಬ್ಬಳೇ ಕೂರಲಾರೆ ಎಂದು ಅತ್ತೆ ಹಟ ಹಿಡಿದದ್ದರಿಂದ ಅವಳನ್ನೂ ಸೈಕಲ್ ಗಾಡಿಯಲ್ಲಿ ಕೂರಿಸಿ ತಂದು ಏರಿಯ ಮೇಲಿನ ಕುರ್ಚಿಯಲ್ಲಿ ಕೂರಿಸಿದರು. ಅವಳಿಗೆ ಯಾರ ಕೆಲಸವೂ ಒಪ್ಪಿಗೆಯಾಗಲಿಲ್ಲ.

"ಏನ್ರೇ ಅದು, ಹೂವಿನ ಮೇಲೆ ನಡೆದ ಹಾಗೆ? ಎಮ್ಮೆ ಹಾಗೆ ಕಾಲಿಡುತ್ತಾ? ಮೈಭಾರ ಬಿಟ್ಟು ತುಳೀರಿ! ಮೇಡಂ, ನೀವು ಬೀಳ್ತೀರಲ್ಲ, ಅದು ಸರಿಯಾಗಿದೆ. ಹಾಗೇ ಬೀಳ್ತಾ ಇರಿ!"

ಐದು ವಾರಕ್ಕೆ ಕೊಳ ಬೋಳಾಯಿತು. ಮಧ್ಯದಲ್ಲಿ ಮೊಣಕಾಲುದ್ದ ನೀರು, ಸುತ್ತ ಕಲಕಿದ ಮಣ್ಣು. ಮೇಡಂ ರಜೆ ಮುಗಿದು ಹೋದಳು. ಹದಿನೈದು ದಿನಕ್ಕೆ ಬರುತ್ತದೆ ಎಂದಿದ್ದಳು ಅತ್ತೆ. ಹದಿನೈದು ದಿನವಾಯಿತು, ಇಪ್ಪತ್ತಾಯಿತು, ಮಣ್ಣು ಮಣ್ಣಾಗಿಯೇ ಇತ್ತು. ಜೊಂಡಕ್ಕನಿಗೆ ಊಟ ಸೇರದಾಯಿತು. ಉಳಿದಿದ್ದರೂ ಉಳಿದಿರಬಹುದಾದ ನಾಲ್ಕು ಬೀಜಗಳನ್ನು ತಾನೇ ತುಳಿದು ಹೂತುಬಿಟ್ಟೆನೇನೋ ಎಂಬ ಭಯ. "ಆತುರಗಾರನಿಗೆ ಬುದ್ಧಿ ಮಟ್ಟ," ಎಂದು ತನ್ನನ್ನು ತಾನೇ ಬೈದುಕೊಂಡಳು. ದಿನಕ್ಕೆ ಮೂರು ಸಲ ಮಂಡಿಯೂರಿ ನೆಲಕ್ಕೆ ಮುಖ ತಾಗುವಂತೆ ಬಗ್ಗಿ ನೋಡುವಳು. ಬಟ್ಟೆ ಒಗೆಯುವ ಸೋಪು ತರಲು ಹೋದರೂ ಯೋಚನೆ ಅದೇ.

ಇಪ್ಪತ್ತಾರನೇ ದಿನ ಬೆಳಗ್ಗೆ ಎಂದಿನಂತೆ ಬಗ್ಗಿದಳು. ತನ್ನದೇ ಹಳೇ ಹೆಜ್ಜೆಗುರುತಿನೊಳಗೆ, ಹಿಮ್ಮಡಿ ಒತ್ತಿದ ಗುಳಿಯಲ್ಲಿ, ಸೂಜಿಮೊನೆಯಷ್ಟು ಹಸಿರು ಕಂಡಿತು. ಪಾಚಿ ಇರಬೇಕೆಂದು ಉಗುರಿನಿಂದ ತಾಗಿಸಿದಳು. ಪಾಚಿಯಲ್ಲ, ಗಟ್ಟಿಯಾಗಿ ನಿಂತಿತ್ತು. ಪಕ್ಕದ ಹೆಜ್ಜೆಯಲ್ಲಿ ಮೂರು. ಅದರಾಚೆ, ಮೇಡಂ ಕೂತ ಕಡೆಯೆಲ್ಲ ಬಿದ್ದಿದ್ದ ಅಗಲವಾದ ತಗ್ಗುಗಳಲ್ಲಿ, ಬಾಚಣಿಗೆಯ ಹಲ್ಲಿನಂತೆ ಸಾಲುಸಾಲು. ಜೊಂಡಕ್ಕ ಎದ್ದು ನಿಂತು, ಅಕ್ಕಪಕ್ಕ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ದೊಡ್ಡ ಬೂಟಿನಲ್ಲೇ ಎರಡು ಹೆಜ್ಜೆ ಕುಣಿದಳು. ಸಾಹೇಬ್ರು ಕಿಟಕಿಯಿಂದ ನೋಡಿದರು, ಆದರೆ ಅದರ ಬಗ್ಗೆ ಸುತ್ತೋಲೆ ಹೊರಡಿಸಲಿಲ್ಲ.

ಮೇಡಂ ಬಂದು ಎಣಿಸಿದಾಗ ಆರುನೂರ ನಲವತ್ತೆಂಟು ಗಿಡಗಳಿದ್ದವು. ಅವಳು ಬರೆದ ವರದಿಯ ಒಂದು ಪ್ರತಿಯನ್ನು ಜೊಂಡಕ್ಕನಿಗೂ ತಂದುಕೊಟ್ಟಳು. "ಈ ಸಸ್ಯದ ಉಳಿವಿಗೆ ನಿಯತಕಾಲಿಕ ಮಾನವ ಹಸ್ತಕ್ಷೇಪವೇ ಮುಖ್ಯ ಕಾರಣ" ಎಂಬ ಸಾಲಿಗೆ ಬಂದಾಗ ಜೊಂಡಕ್ಕ ಬೆರಳಿಟ್ಟು ನಿಲ್ಲಿಸಿದಳು.

"ಮಾನವ ಹಸ್ತಕ್ಷೇಪ ಅಂದ್ರೆ ನಾನಾ?"

"ನೀವೇ ಅಕ್ಕ."

"ಎಮ್ಮೆ ಅಂತಲೇ ಬರೀಬಹುದಿತ್ತು. ಓದೋರಿಗೆ ಬೇಗ ಅರ್ಥ ಆಗ್ತಿತ್ತು," ಎಂದು ಬಾಗಿಲ ಮರೆಯಿಂದ ಅತ್ತೆಯ ದನಿ ಬಂತು.

ಮಳೆಗಾಲದ ನಂತರದ ಸಭೆಯಲ್ಲಿ ಹಳೇ ಸುತ್ತೋಲೆ ರದ್ದಾಯಿತು. ವರ್ಷಕ್ಕೊಮ್ಮೆ ಮೂರನೇ ಕೊಳದ ನೀರನ್ನು ಇಳಿಸಿ, ಜೊಂಡು ತೆಗೆದು, ಕೆಸರನ್ನು ಚೆನ್ನಾಗಿ ಕಲಕತಕ್ಕದ್ದು ಎಂದು ಹೊಸದು ಬಂತು. ಅದನ್ನು ಸಾಹೇಬ್ರು ಸ್ವತಃ ಗಟ್ಟಿಯಾಗಿ ಓದಿ ಹೇಳಿದರು. ತೂಬನ್ನು ಮೊದಲು ಪೂರ್ತಿ ತೆರೆದದ್ದು ತಾನೇ ಎಂದು ಬಂದವರ ಮುಂದೆಲ್ಲ ಈಗ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಸುಳ್ಳೇನೂ ಅಲ್ಲ.

ಆ ಚಳಿಗಾಲದಲ್ಲಿ ಜೊಂಡಕ್ಕ ರಜೆ ಹಾಕಿ ಅತ್ತೆಯನ್ನು ಸಮುದ್ರದ ಊರಿಗೆ ಕರೆದುಕೊಂಡು ಹೋದಳು. ಐವತ್ತು ವರ್ಷದ ಗೊಣಗಾಟ ಒಮ್ಮೆ ತೀರಲಿ ಎಂದು. ದರ್ಜಿಯೂ ಬಂದ, ದೂರದಲ್ಲೇ ನಿಂತಿರುತ್ತೇನೆ ಎಂಬ ಕರಾರಿನ ಮೇಲೆ. ಜೊಂಡಕ್ಕ ಸಮುದ್ರ ನೋಡಿದ್ದು ಅದೇ ಮೊದಲು. ಇಷ್ಟು ನೀರಿಗೆ ಒಂದು ತೂಬೂ ಇಲ್ಲವಲ್ಲ ಎಂದು ಅವಳಿಗೆ ಸ್ವಲ್ಪ ಗಾಬರಿಯೇ ಆಯಿತು. ಅತ್ತೆ ಅಲೆಯಲ್ಲಿ ಕಾಲಿಟ್ಟು ನಿಂತು, ಯಾರ ಜೊತೆಯೂ ಮಾತಾಡದೆ, ಒಂದು ಗಂಟೆ ಹಾಗೇ ಇದ್ದಳು. ಅಷ್ಟು ಹೊತ್ತು ಅವಳು ಬಾಯಿ ಮುಚ್ಚಿಕೊಂಡದ್ದನ್ನು ಮಗ, ಸೊಸೆ ಇಬ್ಬರೂ ಕಂಡಿರಲಿಲ್ಲ.

ವಾಪಸು ಬರುವಾಗ ಬಸ್ಸಿಗೆ ಕಾಯುತ್ತ ನಿಂತಿದ್ದ ಕಡೆ, ರಸ್ತೆಯ ಮಗ್ಗುಲಲ್ಲೇ, ಒಂದು ಉದ್ದನೆಯ ಗುಂಡಿಯಿತ್ತು. ಅದರ ತುಂಬ, ಕಣ್ಣು ಹಾಯುವಷ್ಟು ದೂರ, ಮೂಗುತಿ ಗಿಡ ಬಿಳಿಬಿಳಿಯಾಗಿ ಹೂಬಿಟ್ಟಿತ್ತು. ಪಕ್ಕದ ಅಂಗಡಿಯಾಕೆ ಲೋಟ ತೊಳೆದ ನೀರನ್ನು ಅದರ ಮೇಲೇ ಚೆಲ್ಲಿದಳು.

"ಅಕ್ಕ, ಇದೇನು ಗಿಡ ಗೊತ್ತಾ ನಿಮಗೆ?" ಎಂದು ಜೊಂಡಕ್ಕ ಕೇಳಿದಳು.

"ಗಿಡವಾ? ಎಲ್ಲಿ?" ಎಂದು ಅಂಗಡಿಯಾಕೆ ಸುತ್ತ ನೋಡಿದಳು. "ಓ, ಇದಾ. ಕಳೆ. ಎಷ್ಟು ಕಿತ್ತರೂ ಹೋಗಲ್ಲ ಹಾಳಾದ್ದು."

ಜೊಂಡಕ್ಕ ಸೆರಗು ಸಿಕ್ಕಿಸಿಕೊಂಡು ಗುಂಡಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ಎಣಿಸತೊಡಗಿದಳು. ಮುನ್ನೂರ ಎಂಬತ್ತಕ್ಕೆ ಬಂದಿದ್ದಳು. ಅಷ್ಟರಲ್ಲಿ ಬಸ್ಸು ಬಂತು. ದರ್ಜಿ ಕೂಗಿದ, ಅತ್ತೆ ಕೂಗಿದಳು, ಕಂಡಕ್ಟರ್ ಎರಡು ಸಲ ಸೀಟಿ ಊದಿದ. "ಒಂದ್ನಿಮಿಷ, ಲೆಕ್ಕ ತಪ್ಪುತ್ತೆ," ಎಂದಳು ಜೊಂಡಕ್ಕ, ತಲೆಯೆತ್ತದೆ. ಬಸ್ಸು ಹೊರಟುಹೋಯಿತು. ಮುಂದಿನದು ಎರಡು ಗಂಟೆ ಬಿಟ್ಟು ಎಂದು ಅಂಗಡಿಯಾಕೆ ಹೇಳಿ, ಅತ್ತೆಗೂ ಮಗನಿಗೂ ಕೂರಲು ಬೆಂಚು ಒರೆಸಿಕೊಟ್ಟಳು.